ರೋಟರ್ ಸಿಮ್ಯುಲೇಶನ್: ಬ್ಲೇಡಿಗಿಂತ ಸುಳಿಗೇ ಜಾಸ್ತಿ ಸೆಲ್ ಕೊಟ್ಟೆ

ಹೆಲಿಕಾಪ್ಟರ್ ರೋಟರ್ ಸಿಮ್ಯುಲೇಶನ್ ಕಲಿಯುವವರು ಮೊದಲು ಹಿಡಿಯುವುದು ಕ್ಯಾರಡೊನಾ ಮತ್ತು ಟಂಗ್ ಅವರ ಪ್ರಯೋಗ. ನಿಂತಲ್ಲೇ ತಿರುಗುವ ಮಾದರಿ ರೋಟರಿನ ಬ್ಲೇಡಿನ ಮೇಲೆ ಒತ್ತಡ ಅಳೆದ 1981ರ ನಾಸಾ ವರದಿ. ನಾನೂ ಅದನ್ನೇ ಹಿಡಿದೆ. ಎರಡೇ ಬ್ಲೇಡು, ತಿರುಚಿಲ್ಲ, ತುದಿಗೆ ಕಿರಿದಾಗುವುದೂ ಇಲ್ಲ, ಉದ್ದಕ್ಕೂ ನಾಕಾ 0012 ಎಂಬ, ಮೇಲೆ ಕೆಳಗೆ ಒಂದೇ ಥರದ ಅಡ್ಡಕೊಯ್ತ. ತ್ರಿಜ್ಯ 1.143 ಮೀಟರ್. ಆರಿಸಿಕೊಂಡ ಕೇಸು 8 ಡಿಗ್ರಿ ಪಿಚ್ (ಬ್ಲೇಡಿನ ಓರೆ), 1250 ಆರ್‌ಪಿಎಂ. ತುದಿಯ ವೇಗ ಸೆಕೆಂಡಿಗೆ ಸುಮಾರು 150 ಮೀಟರ್.

ಹೋವರ್‌ನಲ್ಲಿ, ಅಂದರೆ ನಿಂತಲ್ಲೇ ತೇಲುವಾಗ, ಬ್ಲೇಡಿನ ಜೊತೆಗೇ ಸುತ್ತುತ್ತಾ ನೋಡಿದರೆ ಹರಿವು ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಹಾಗಾಗಿ ಮೆಶ್ಶನ್ನು (ಗಾಳಿಯ ಜಾಗವನ್ನು ಸೆಲ್ ಎಂಬ ಸಣ್ಣ ತುಂಡುಗಳಾಗಿ ಹಂಚಿದ ಬಲೆ) ನಿಜವಾಗಿ ತಿರುಗಿಸುವ ಗೋಜಿಗೆ ಹೋಗಲಿಲ್ಲ. ಓಪನ್‌ಫೋಮ್ ಎಂಬ ತಂತ್ರಾಂಶದಲ್ಲಿ ಎಂಆರ್‌ಎಫ್ ಹಾಕಿದೆ, ಅಂದರೆ ಮೆಶ್ ನಿಂತೇ ಇರುತ್ತದೆ, ಲೆಕ್ಕ ಮಾತ್ರ ಬ್ಲೇಡಿನ ಜೊತೆ ತಿರುಗುವ ಚೌಕಟ್ಟಿನಲ್ಲಿ ನಡೆಯುತ್ತದೆ. ಅರ್ಧ ಸಿಲಿಂಡರ್ ಮಾತ್ರ ಇಟ್ಟುಕೊಂಡು ಕತ್ತರಿಸಿದ ಮುಖಗಳನ್ನು ಸೈಕ್ಲಿಕ್ ಮಾಡಿದೆ, ಒಂದರಿಂದ ಹೊರಹೋದ ಗಾಳಿ ಇನ್ನೊಂದರಿಂದ ಒಳಬರುವಂತೆ. ಗಾಳಿಯ ಸಾಂದ್ರತೆ ಬದಲಾಗುವುದನ್ನೂ ಲೆಕ್ಕಹಾಕುವ ಕಂಪ್ರೆಸಿಬಲ್ ಸಾಲ್ವರ್, ಪ್ರಕ್ಷುಬ್ಧ ಹರಿವಿಗೆ ಕೆ-ಒಮೆಗಾ ಎಸ್‌ಎಸ್‌ಟಿ ಮಾದರಿ. ಇಲ್ಲಿಯವರೆಗೆ ಸಲೀಸು.

ತಲೆನೋವೆಲ್ಲ ಸುಳಿಯದು. ಬ್ಲೇಡಿನ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಡಿಮೆ, ತುದಿಯಲ್ಲಿ ಗಾಳಿ ಸುತ್ತಿಕೊಂಡು ಮೇಲೆ ಬರುತ್ತದೆ. ವಿಮಾನದ ರೆಕ್ಕೆ ತನ್ನ ಸುಳಿಯನ್ನು ಹಿಂದೆ ಬಿಟ್ಟು ಹೋಗಿಬಿಡುತ್ತದೆ, ಅಲ್ವಾ? ಹೋವರ್‌ನಲ್ಲಿ ಹಾಗಲ್ಲ, ಒಂದು ಬ್ಲೇಡು ಬಿಟ್ಟ ಸುಳಿ ನಿಧಾನಕ್ಕೆ ಕೆಳಗಿಳಿಯುತ್ತಾ ಒಳಕ್ಕೆ ಸರಿಯುತ್ತಿರುವಾಗಲೇ ಅರ್ಧ ಸುತ್ತಿನಲ್ಲಿ ಇನ್ನೊಂದು ಬ್ಲೇಡು ಅದರ ಮೇಲೆ ಹಾದುಹೋಗುತ್ತದೆ, ಆ ಬ್ಲೇಡಿನ ತುದಿ ಎಷ್ಟು ಎತ್ತುತ್ತದೆ ಅನ್ನುವುದು ಬಹುಪಾಲು ಈ ಹಳೇ ಸುಳಿಯ ಕೈಲಿದೆ. ಸೆಲ್ ದೊಡ್ಡದಾದರೆ ಸುಳಿ ನೀರಿಗೆ ಬಿದ್ದ ಶಾಯಿಯಂತೆ ಹರಡಿ ಮಾಯವಾಗುತ್ತದೆ. ನಿಜವಾದ ಗಾಳಿ ಅಷ್ಟು ಬೇಗ ಹಾಗೆ ಮಾಡುವುದಿಲ್ಲ, ಅದು ಲೆಕ್ಕದ ವಿಧಾನದ ಕೆಲಸ.

ಅದಕ್ಕೇ ಮೊದಲು ಒರಟು ಮೆಶ್‌ನಲ್ಲಿ ಓಡಿಸಿ ಸುಳಿಯ ದಾರಿ ನೋಡಿಕೊಂಡೆ. ಆಮೇಲೆ ತ್ರಿಜ್ಯದ 75ರಿಂದ 105 ಶೇಕಡಾವರೆಗೆ, ಬ್ಲೇಡಿನ ಕೆಳಗೆ, ಬಳೆಯಾಕಾರದ ಜಾಗವನ್ನು ಮಾತ್ರ ನುಣ್ಣಗೆ ಮಾಡಿದೆ. ಸುಳಿಯ ತಿರುಳಿಗೆ ಅಡ್ಡಲಾಗಿ ಎಂಟು ಹತ್ತು ಸೆಲ್ ಆದರೂ ಬೇಕು. ಲೆಕ್ಕಕ್ಕೆ ಫಸ್ಟ್ ಆರ್ಡರ್ ಸ್ಕೀಮ್ (ಸುಳಿಯನ್ನು ಬೇಗ ಹರಡಿಬಿಡುವ ಒರಟು ವಿಧಾನ) ಇಟ್ಟರೆ ಇಷ್ಟೆಲ್ಲ ಮಾಡಿಯೂ ದಂಡ.

ಲೆಕ್ಕದ ಪೆಟ್ಟಿಗೆಯ ಹೊರ ಗಡಿಯನ್ನು ಹತ್ತಾರು ತ್ರಿಜ್ಯ ದೂರ ಇಡಿ. ರೋಟರ್ ಡಿಸ್ಕಿನಲ್ಲೇ ಸೆಕೆಂಡಿಗೆ ಏಳು ಮೀಟರ್‌ನಷ್ಟು ಕೆಳಗಾಳಿ ಇರುತ್ತದೆ. ಪೆಟ್ಟಿಗೆ ಚಿಕ್ಕದಾದರೆ ಅದೇ ಗಾಳಿ ಸುತ್ತಿ ಮೇಲಿಂದ ವಾಪಸ್ ಬರುತ್ತದೆ.

ಫಲಿತಾಂಶ ಅಂದ ತಕ್ಷಣ ಎಲ್ಲರೂ ಥ್ರಸ್ಟ್, ಅಂದರೆ ರೋಟರಿನ ಒಟ್ಟು ಎತ್ತುವ ಬಲ, ತೋರಿಸುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ಒಳಭಾಗದಲ್ಲಿ ಜಾಸ್ತಿ, ತುದಿಯಲ್ಲಿ ಕಡಿಮೆ ಬಂದು ಮೊತ್ತ ಸರಿಹೋಗಿಬಿಡಬಹುದು. ವರದಿಯಲ್ಲಿ ತ್ರಿಜ್ಯದ 0.50, 0.68, 0.80, 0.89, 0.96ರಲ್ಲಿ ಒತ್ತಡದ ಅಳತೆಗಳಿವೆ. ನಾನು ಕೊನೆಯ ಎರಡನ್ನೇ ಮೊದಲು ನೋಡುತ್ತೇನೆ, ಸುಳಿ ಕರಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಮುಂದಕ್ಕೆ ಹಾರುವ ಕೇಸಿಗೆ ಈ ಅರ್ಧ ಸಿಲಿಂಡರ್ ಉಪಾಯ ನಡೆಯುವುದಿಲ್ಲ. ಒಂದು ಬದಿಯ ಬ್ಲೇಡು ಗಾಳಿಗೆ ಎದುರಾಗಿ, ಇನ್ನೊಂದು ಗಾಳಿಯ ಜೊತೆಗೆ ಹೋಗುತ್ತದೆ. ಅಲ್ಲಿ ಬ್ಲೇಡಿನ ಜೊತೆ ನಿಜವಾಗಿ ತಿರುಗುವ ಓವರ್‌ಸೆಟ್ ಮೆಶ್ ಅಥವಾ ಸ್ಲೈಡಿಂಗ್ ಮೆಶ್ ಬೇಕು, ಜೊತೆಗೆ ದೊಡ್ಡ ಕಂಪ್ಯೂಟರ್ ಕ್ಲಸ್ಟರ್.