ಆಟೋಕ್ಯಾಡ್ ಸ್ಕ್ರಿಪ್ಟ್‌ನಲ್ಲಿ ಸ್ಟಾರ್ ಎಲ್ಲಿ, ಹ್ಯಾಶ್ ಎಲ್ಲಿ?

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ನಾಲೆಯ ನಕ್ಷೆಯನ್ನು ಆಟೋಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ತಂತ್ರಾಂಶ) ಬಿಡಿಸುವವರಿಗೆ ಲೇಯರ್, ಅಂದರೆ ಒಂದರ ಮೇಲೊಂದು ಕೂರುವ ನಕ್ಷೆಯ ಪದರಗಳ ಕಾಟ ಗೊತ್ತೇ ಇರುತ್ತದೆ. ಒಂದೊಂದು ಉಪಕಾಲುವೆಗೂ ಒಂದು ಲೇಯರ್, ಮೇಲೆ ಹೊಲ, ರಸ್ತೆ, ಸರ್ವೆ ನಂಬರ್. ಪ್ರಿಂಟ್‌ಗೆ ಮುಂಚೆ ಬೇಡದ್ದನ್ನು ಒಂದೊಂದಾಗಿ ಫ್ರೀಜ್ ಮಾಡುತ್ತಾ (ಕಾಣದಂತೆ ಅಡಗಿಸುತ್ತಾ) ಕೂತರೆ ಅರ್ಧ ದಿನ ಹೋಗುತ್ತದೆ. ಅದರ ಬದಲು ಸ್ಕ್ರಿಪ್ಟ್ ಬರೆಯಿರಿ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್.

ನೋಟ್‌ಪ್ಯಾಡ್ ತೆರೆದು ಹೀಗೆ ಟೈಪ್ ಮಾಡಿ (ನಿಮ್ಮ ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ):

-ಲೇಯರ್
ಸೆಟ್
0
ಫ್ರೀಜ್
ನಾಲೆ-1#

ಕೊನೆಗೆ ಒಂದು ಖಾಲಿ ಸಾಲು ಬಿಡಲೇಬೇಕು, ಅದೇ ಎಂಟರ್. ಮೊದಲ ಸಾಲಿನ ಶುರುವಿನಲ್ಲಿರುವ ಮೈನಸ್ ಬಿಟ್ಟರೆ ಲೇಯರ್ ಕಿಟಕಿ ತೆರೆದುಕೊಳ್ಳುತ್ತದೆ, ಸ್ಕ್ರಿಪ್ಟ್ ಕೆಡುತ್ತದೆ. ಸದ್ಯ ಬಳಸುತ್ತಿರುವ ಲೇಯರ್ ಫ್ರೀಜ್ ಆಗುವುದಿಲ್ಲ, ಅದಕ್ಕೇ ಮೊದಲು 0ಗೆ ಹೋಗಿದ್ದು. ಫೈಲ್ ಹೆಸರಿಗೆ ಎಸ್‌ಸಿಆರ್ (.scr) ಎಂಬ ಬಾಲ ಕೊಟ್ಟು ಸೇವ್ ಮಾಡಿ, ಸ್ಕ್ರಿಪ್ಟ್ ಕಮಾಂಡ್ ಕೊಟ್ಟು ಓಡಿಸಿ.

ಈಗ ಆ ಹ್ಯಾಶ್ ನೋಡಿ. # ಎಂದರೆ ಒಂದೇ ಒಂದು ಅಂಕಿ. ಹಾಗಾಗಿ 10ರಿಂದ 19ರವರೆಗಿನ ನಾಲೆಗಳು ಮಾತ್ರ ಸಿಗುತ್ತವೆ. ನಾನು ಮೊದಲು ಅಲ್ಲಿ ನಾಲೆ-1* ಎಂದು ಬರೆದಿದ್ದೆ. ಸ್ಟಾರ್‌ಗೆ ಏನಿದ್ದರೂ ಸರಿ, ಏನೂ ಇಲ್ಲದಿದ್ದರೂ ಸರಿ, ಹಾಗಾಗಿ 1ನೇ ನಾಲೆಯೂ ಸುಮ್ನೆ ಮಾಯವಾಯಿತು. ಪ್ರಿಂಟ್ ಕೈಗೆ ಬಂದ ಮೇಲೆ ನೋಡಿದರೆ ತಲೆಭಾಗದಲ್ಲಿ ನೀಲಿ ಗೆರೆಯೇ ಇಲ್ಲ, ಹೊಲಗಳು ಮಾತ್ರ. ಕಾಲುವೆ ನಕ್ಷೆಯಲ್ಲಿ ಇದು ಸಣ್ಣ ತಪ್ಪಲ್ಲ, ಅದನ್ನು ನೋಡಿಯೇ ರೈತರು ನೀರಿನ ಲೆಕ್ಕ ಕೇಳುತ್ತಾರೆ ಅಲ್ವಾ?

ಆದ್ದರಿಂದ ಓಡಿಸುವ ಮುಂಚೆ ಒಂದು ಕೆಲಸ ಮಾಡಿ: -ಲೇಯರ್ ಕೊಟ್ಟು ? ಒತ್ತಿ, ಹೆಸರು ಕೇಳಿದಾಗ ನಾಲೆ-1# ಕೊಡಿ. ಯಾವ ಯಾವ ಲೇಯರ್ ಬಲೆಗೆ ಬೀಳುತ್ತವೆ ಎಂಬ ಪಟ್ಟಿ ಅಲ್ಲೇ ಬರುತ್ತದೆ. ಇದನ್ನು ಯಾರೂ ಬಿಡಬಾರದು ಎನ್ನುವುದು ನನ್ನ ಮಾತು.

ಉಳಿದವು ಸಲೀಸು. @ ಒಂದು ಅಕ್ಷರಕ್ಕೆ, ಹೆಸರಿನೊಳಗೆ ? ಬಂದರೆ ಅಕ್ಷರ, ಅಂಕಿ, ಚಿಹ್ನೆ ಯಾವುದಾದರೂ ಒಂದಕ್ಕೆ. ನಾಲೆ-5[1-4] ಎಂದರೆ 51ರಿಂದ 54. ಮೊದಲಲ್ಲೇ ~ ಹಾಕಿ ~ನಾಲೆ* ಎಂದರೆ ನಾಲೆ ಬಿಟ್ಟು ಉಳಿದದ್ದೆಲ್ಲ. ರಸ್ತೆ*,ಹೊಲ* ಎಂದು ಕಾಮಾ ಹಾಕಿ ಎರಡನ್ನೂ ಒಟ್ಟಿಗೆ ಕೊಡಬಹುದು, ಆದರೆ ಕಾಮಾ ಆದ ಮೇಲೆ ಜಾಗ ಬಿಡಬೇಡಿ, ಸ್ಕ್ರಿಪ್ಟ್‌ಗೆ ಖಾಲಿ ಜಾಗವೂ ಎಂಟರ್ ಇದ್ದಂತೆ. ಲೇಯರ್ ಹೆಸರಿನಲ್ಲೇ # ಇದ್ದರೆ ಅದಕ್ಕಿಂತ ಮೊದಲು ` ಗುರುತು ಹಾಕಿ.

ಫೈಲ್ ತೆರೆಯುವ ಓಪನ್ ಕಮಾಂಡ್‌ಗೆ ಮಾತ್ರ ಈ ಸ್ಟಾರ್ ನಡೆಯುವುದಿಲ್ಲ. ಅಲ್ಲಿ ಪ್ರತಿ ನಕ್ಷೆಯ ಹೆಸರನ್ನೂ ಪೂರ್ತಿ ಬರೆಯಬೇಕು.