ಹುಲಿ ಬಂತು ಎಂದು ಫೋನ್ ಕೂಗಿದಾಗ

ಆ ರಾತ್ರಿ ಎರಡೂ ನಲವತ್ತಕ್ಕೆ ದಿಂಬಿನ ಪಕ್ಕದ ಫೋನ್ ನಡುಗಿತು. ಕಣ್ಣು ಬಿಡದೆಯೇ ಕೈ ಚಾಚಿ, ಬೆರಳಿನಿಂದ ಅದನ್ನು ಬದಿಗೆ ಸರಿಸಿ, ಮಗ್ಗುಲು ಬದಲಿಸಿದೆ. ಯಾವುದೋ ರಿಯಾಯಿತಿ ಮಾರಾಟವೋ, ಎಲ್ಲೋ ನಡೆಯುತ್ತಿರುವ ಪಂದ್ಯದ ವಿಕೆಟ್ಟೋ ಇರಬೇಕು ಎಂದು ಕೈಗೇ ಗೊತ್ತಿತ್ತು. ತಲೆಯವರೆಗೆ ವಿಷಯ ಹೋಗಲೇ ಇಲ್ಲ. ಹೋಗಿದ್ದರೆ ಆ ವಾರದ ಆನ್‌ಕಾಲ್ ಸರದಿ ನನ್ನದು ಎಂಬುದು ನೆನಪಾಗುತ್ತಿತ್ತು. ನಮ್ಮ ಕಸುಬಿನಲ್ಲಿ ಆನ್‌ಕಾಲ್ ಎಂದರೆ ಹೊಲ ಕಾಯುವ ಪಾಳಿಯಿದ್ದಂತೆ. ಸರ್ವರ್ ಕೆಟ್ಟರೆ ಮೊದಲು ಏಳಬೇಕಾದವನು ಪಾಳಿಯವನೇ. ನಾನು ಏಳಲಿಲ್ಲ. ನಲವತ್ತು ನಿಮಿಷದ ನಂತರ ಸಹೋದ್ಯೋಗಿಯೊಬ್ಬರು ಎದ್ದು ಸರಿಪಡಿಸಿದರು.

ಇಂಥ ಅವಘಡದ ಮರುದಿನ ಒಂದು ಸಭೆ ನಡೆಯುತ್ತದೆ. ಅದಕ್ಕೆ ಪೋಸ್ಟ್‌ಮಾರ್ಟಮ್ ಎಂದೇ ಹೆಸರು. ಯಾರನ್ನೂ ಬೈಯುವಂತಿಲ್ಲ, ವ್ಯವಸ್ಥೆಯಲ್ಲಿ ಎಲ್ಲಿ ತೂತಿತ್ತು ಎಂದು ಹುಡುಕಬೇಕು. ನಮ್ಮ ತಂಡದ ಮುಖ್ಯಸ್ಥೆ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಫೋನ್ ದಿನಕ್ಕೆ ಎಷ್ಟು ಸಲ ನಡುಗುತ್ತದೆ?" ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಜಾಗದಲ್ಲಿ ಈ ಲೆಕ್ಕ ಸಿಗುತ್ತದೆ. ನಾನು ಅದನ್ನು ಎಂದೂ ತೆರೆದಿರಲಿಲ್ಲ. ತೆರೆದೆ. ಹಿಂದಿನ ದಿನದ ನೋಟಿಫಿಕೇಶನ್ 237. ಅದರಲ್ಲಿ ಸರ್ವರಿನಿಂದ ಬಂದದ್ದು ಮೂರು. ಹುಲಿ ಬಂತು ಹುಲಿ ಎಂದು 234 ಸಲ ಸುಳ್ಳೇ ಕೂಗಿದ ಫೋನನ್ನು ಅರೆನಿದ್ದೆಯಲ್ಲಿ ಯಾರು ನಂಬುತ್ತಾರೆ?

ವಿಚಿತ್ರವೆಂದರೆ, ಕಚೇರಿಯಲ್ಲಿ ಇದೇ ರೋಗಕ್ಕೆ ಮದ್ದು ಕೊಡುವವನು ನಾನು. ಹೊಸದಾಗಿ ಸೇರಿದವರು ಸಿಕ್ಕ ಸಿಕ್ಕ ಅಳತೆಗಳಿಗೆಲ್ಲ ಅಲರ್ಟ್ ಕಟ್ಟಿ ತಂದಾಗ ಅವರಿಗೆ ಹೇಳುವುದು ಒಂದೇ ಮಾತು: ಮನುಷ್ಯನೊಬ್ಬ ಈಗಲೇ ಎದ್ದು ಏನಾದರೂ ಮಾಡಬೇಕಿದ್ದರೆ ಮಾತ್ರ ಅವನನ್ನು ಎಬ್ಬಿಸಿ, ಉಳಿದದ್ದನ್ನು ಬೆಳಿಗ್ಗೆ ನೋಡಲು ಬರೆದಿಡಿ. ಈ ಮಾತನ್ನು ಸ್ವಂತ ಜೇಬಿಗೆ ಅನ್ವಯಿಸಬೇಕೆಂದು ಹನ್ನೆರಡು ವರ್ಷದ ನೌಕರಿಯಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಮೊದಲು ಮಾಡಿದ ತಪ್ಪೆಂದರೆ, ಒಂದೇ ಸಂಜೆ ಕುಳಿತು ಎಲ್ಲವನ್ನೂ ಒರೆಸಿ ಹಾಕಲು ಹೋದದ್ದು. ಎಂಬತ್ತಕ್ಕೂ ಹೆಚ್ಚು ಆ್ಯಪ್‌ಗಳು. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಬೇಸತ್ತು, ಆ ಬೇಸರ ಕಳೆಯಲು ಅರ್ಧ ಗಂಟೆ ಕಿರುವಿಡಿಯೊ ನೋಡಿದೆ. ಆಮೇಲೆ ಕಚೇರಿಯ ದಾರಿಯನ್ನೇ ಹಿಡಿದೆ. ಫೋನ್ ನಡುಗಿದಾಗಲೆಲ್ಲ "ಈಗ ಎದ್ದು ಏನಾದರೂ ಮಾಡಬೇಕೆ?" ಎಂದು ಕೇಳಿಕೊಳ್ಳುವುದು, ಇಲ್ಲವೆಂದಾದರೆ ಆ ನೋಟಿಫಿಕೇಶನ್ ಮೇಲೆಯೇ ಬೆರಳನ್ನು ಒತ್ತಿ ಹಿಡಿದು ಅಲ್ಲಿಯೇ ಬಾಯಿ ಮುಚ್ಚಿಸುವುದು. ಒಂದೊಂದಕ್ಕೆ ಐದು ಸೆಕೆಂಡು. ಹೆಚ್ಚು ಕೂಗುವವರು ತಾವಾಗಿಯೇ ಮೊದಲು ಸಿಕ್ಕಿಬೀಳುತ್ತಾರೆ ಎಂಬುದೇ ಈ ಕ್ರಮದ ಚೆಂದ. ಎಂಟನೆಯ ದಿನದ ಎಣಿಕೆ 31. ಬ್ಯಾಂಕಿನ ಸಂದೇಶ, ಮಗಳ ಶಾಲೆಯದು, ಮನೆಯವರ ಕರೆ ಉಳಿದವು. ಕಚೇರಿಯ ಅಲರ್ಟ್‌ಗೆ ಬೇರೆಯದೇ ಕರ್ಕಶ ಸದ್ದು ಇಟ್ಟು, ಡು ನಾಟ್ ಡಿಸ್ಟರ್ಬ್ ಇದ್ದಾಗಲೂ ಅದೊಂದು ಕೂಗುವಂತೆ ಮಾಡಿದೆ.

ಎಡವಟ್ಟೂ ಆಯಿತು. ನಮ್ಮ ವಸತಿ ಸಮುಚ್ಚಯದ ವಾಟ್ಸ್ಆ್ಯಪ್ ಗುಂಪನ್ನು ನಾನು ಮೂರನೆಯ ದಿನವೇ ಸುಮ್ಮನಾಗಿಸಿದ್ದೆ. ಶುಭೋದಯದ ಗುಲಾಬಿಗಳು, ಪಾರ್ಕಿಂಗ್ ಜಗಳ, ಯಾರದೋ ಕಳೆದುಹೋದ ಕೊರಿಯರ್. ಅದರ ನಡುವೆ ಒಂದು ಬುಧವಾರ ಸಂಪ್ ತೊಳೆಯುವ ಸೂಚನೆಯೂ ಬಂದಿತ್ತಂತೆ. ತಲೆಗೆ ಶಾಂಪೂ ಹಚ್ಚಿಕೊಂಡು ನಲ್ಲಿ ತಿರುಗಿಸಿದರೆ ಸೂಂ ಎಂಬ ಗಾಳಿ ಮಾತ್ರ. ಹೆಂಡತಿ ಬಾಗಿಲಿನಾಚೆಯಿಂದ ಕುಡಿಯುವ ನೀರಿನ ಕ್ಯಾನಿನಿಂದ ಅರ್ಧ ಬಕೆಟ್ ತುಂಬಿಸಿ ಕೊಟ್ಟು, "ಇದು ಅಲರ್ಟೋ ಗದ್ದಲವೋ ನೀನೇ ತೀರ್ಮಾನಿಸು" ಎಂದಳು. ಈಗ ಆ ಗುಂಪನ್ನು ರಾತ್ರಿ ಊಟವಾದ ಮೇಲೆ ಒಮ್ಮೆ ಓದುತ್ತೇನೆ. ನೀರಿನ ಸುದ್ದಿ ಹಿಂದಿನ ದಿನವೇ ಬರುತ್ತದೆ, ಅಷ್ಟು ಸಾಕು.

ಫೋನ್ ಕೂಗುವುದು ನಿಂತ ಮೇಲೆ ನಿಜವಾದ ತೊಂದರೆ ಬಯಲಾಯಿತು. ಅದು ಕರೆಯದಿದ್ದರೂ ನಾನೇ ಹೋಗುತ್ತಿದ್ದೆ. ಲಿಫ್ಟಿನಲ್ಲಿ, ಹಾಲು ಉಕ್ಕುವುದನ್ನು ಕಾಯುವಾಗ, ಕೋಡ್ ಕಂಪೈಲ್ ಆಗುವ ತೊಂಬತ್ತು ಸೆಕೆಂಡಿನಲ್ಲಿ ಹೆಬ್ಬೆರಳು ತಾನಾಗಿಯೇ ಮೇಲಕ್ಕೆ ಸರಿಸುತ್ತಿತ್ತು. ಸರಿಸಿದಷ್ಟೂ ಬರುತ್ತದೆ, ತಳವೆಂಬುದೇ ಇಲ್ಲ. ಈ ತಳವಿಲ್ಲದ ಪುಟವನ್ನು 2006ರಲ್ಲಿ ರೂಪಿಸಿದವರು ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ. ಅದು ಹೀಗೆ ಬಳಕೆಯಾದುದಕ್ಕೆ ಅವರೇ ನಂತರ ಬಹಿರಂಗವಾಗಿ ಪಶ್ಚಾತ್ತಾಪಪಟ್ಟಿದ್ದಾರೆ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಖರೀದಿ ಆ್ಯಪ್‌ನಲ್ಲಿ "ಮುಂದಿನ ಪುಟ" ಎಂಬ ಗುಂಡಿಯನ್ನು ಕಿತ್ತು, ಅದರ ಜಾಗದಲ್ಲಿ ಮುಗಿಯದ ಪಟ್ಟಿಯನ್ನು ಜೋಡಿಸಿದವನು ನಾನೇ. ಬಳಕೆದಾರರು ಆ್ಯಪ್‌ನಲ್ಲಿ ಕಳೆಯುವ ಸಮಯ ಏರಿತು. ಅದಕ್ಕೆ ಕೇಕ್ ಕತ್ತರಿಸಿದೆವು. ಚಾಕೊಲೇಟ್ ಕೇಕು, ಮೇಲೆ ಏರುವ ಬಾಣದ ಗುರುತು.

ಆ ಗುಂಡಿ ಮಾಡುತ್ತಿದ್ದ ಉಪಕಾರ ಈಗ ಅರ್ಥವಾಗುತ್ತದೆ. ಅದು ಕೆಲಸಕ್ಕೆ ಬಾರದ ಅಡ್ಡಿಯೆಂದು ನಾವು ತಿಳಿದಿದ್ದೆವು. ಅಲ್ಲಿ ಮನುಷ್ಯ ಅರೆಕ್ಷಣ ನಿಂತು, ಇನ್ನೂ ಬೇಕೆ, ಸಾಕೆ ಎಂದು ಯೋಚಿಸುತ್ತಿದ್ದ.

ಹಾಗಾಗಿ ತಳವಿರುವ ಸುದ್ದಿಯನ್ನು ಹುಡುಕಿದೆ. ಅದು ಹಳೆಯ ಜಾಗದಲ್ಲಿಯೇ ಇತ್ತು. ಒಂಬತ್ತು ವರ್ಷದ ಹಿಂದೆ ನಿಲ್ಲಿಸಿದ್ದ ಕನ್ನಡ ದಿನಪತ್ರಿಕೆಯನ್ನು ಮತ್ತೆ ಹಾಕಿಸಿದೆ. ಪತ್ರಿಕೆ ಹಾಕುವ ಹುಡುಗ ಮೊದಲ ದಿನ ಗಂಟೆ ಬಾರಿಸಿ, "ಸರ್, ಈ ಮಹಡಿಯಲ್ಲಿ ನೀವೊಬ್ಬರೇ" ಎಂದ. ಮನೆ ವಿಜಯನಗರದಲ್ಲಿ, ಕಚೇರಿ ಪಟ್ಟಂದೂರು ಅಗ್ರಹಾರದ ನಿಲ್ದಾಣದ ಹತ್ತಿರ. 2023ರ ಅಕ್ಟೋಬರಿನಲ್ಲಿ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆದ ಮೇಲೆ ಬಸ್ಸಿನ ಗೋಳು ತಪ್ಪಿ, ಕುಳಿತೋ ನಿಂತೋ ಓದಲು ಒಂದು ಗಂಟೆಯ ಮೇಲೆ ಸಿಗುತ್ತಿದೆ. ಕಿಕ್ಕಿರಿದ ಮೆಟ್ರೊದಲ್ಲಿ ದೊಡ್ಡ ಹಾಳೆಯ ಪತ್ರಿಕೆ ಓದುವುದೂ ಒಂದು ವಿದ್ಯೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಿಸಿ, ಎರಡು ಕಾಲಂ ಮಾತ್ರ ಕಾಣುವಂತೆ ಎದೆಯ ಹತ್ತಿರ ಹಿಡಿಯಬೇಕು. ಪುಟ ತಿರುಗಿಸಲು ಮೆಜೆಸ್ಟಿಕ್‌ನಲ್ಲಿ ಜನ ಇಳಿಯುವವರೆಗೆ ಕಾಯಬೇಕು. ಪಕ್ಕದವರು ಓರೆಗಣ್ಣಿನಲ್ಲಿ ಓದುತ್ತಿದ್ದರೆ ಅವರ ಕಾಲಂ ಮುಗಿಯುವ ತನಕ ಮಡಿಕೆ ಬದಲಿಸದಿರುವುದು ಮರ್ಯಾದೆ. ಇಂದಿರಾನಗರ ದಾಟುವಷ್ಟರಲ್ಲಿ ಪತ್ರಿಕೆ ಮುಗಿಯುತ್ತದೆ. ಮುಗಿದ ಮೇಲೆ ಕಿಟಕಿಯಾಚೆ ನೋಡುವುದು ಬಿಟ್ಟು ಬೇರೆ ದಾರಿಯಿಲ್ಲ. ಮೊದಲ ವಾರ ಅದು ಹಿಂಸೆಯಾಗಿತ್ತು.

ಅಡುಗೆಮನೆಗೆ ರೇಡಿಯೊ ಬಂದದ್ದು ಇನ್ನೊಂದು ಕಾರಣಕ್ಕೆ. ದೋಸೆ ಹುಯ್ಯುವಾಗ ಸುದ್ದಿ ಬೇಕೆಂದು ಫೋನನ್ನು ಸಾಂಬಾರ್ ಪುಡಿಯ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದೆ, ದೋಸೆ ಸೀಯುತ್ತಿತ್ತು. ರೇಡಿಯೊ ಕಣ್ಣನ್ನೂ ಕೇಳುವುದಿಲ್ಲ, ಕೈಯನ್ನೂ ಕೇಳುವುದಿಲ್ಲ. ಸಣ್ಣ ಟ್ರಾನ್ಸಿಸ್ಟರ್ ತಂದು, ಬೆಂಗಳೂರು ಆಕಾಶವಾಣಿಗಾಗಿ ಮೀಡಿಯಂ ವೇವ್‌ನ 612 ಕಿಲೋಹರ್ಟ್ಜ್‌ಗೆ ಮುಳ್ಳು ತಿರುಗಿಸಿದರೆ ಜೀರುಂಡೆ ಹೊಕ್ಕಂತೆ ಗುಂಯ್ ಸದ್ದು. ಹಾಳು ರೇಡಿಯೊ ಕೊಟ್ಟರೆಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಸದ್ದು ಬರುತ್ತಿದ್ದುದು ಪಕ್ಕದಲ್ಲಿ ಚುಚ್ಚಿಟ್ಟ ನನ್ನ ಲ್ಯಾಪ್‌ಟಾಪ್ ಚಾರ್ಜರ್‌ನಿಂದ. ಈಗಿನ ಚಾರ್ಜರ್‌ಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತವೆ. ಆ ಕತ್ತರಿ ಸದ್ದು ಮೀಡಿಯಂ ವೇವ್‌ನೊಳಗೆ ನುಗ್ಗುತ್ತದೆ. ಅದನ್ನು ಕಿತ್ತು, ರೇಡಿಯೊವನ್ನು ಕಿಟಕಿಯ ಹತ್ತಿರ ಒಯ್ದು, ಮೆಲ್ಲಗೆ ಕಾಲು ಸುತ್ತು ತಿರುಗಿಸಿದೆ. ಒಳಗಿನ ಫೆರೈಟ್ ಕಡ್ಡಿಯೇ ಅದರ ಆಂಟೆನಾ. ಅದು ಪ್ರಸಾರ ಬರುವ ದಿಕ್ಕಿಗೆ ಅಡ್ಡವಾಗಿ ಕೂತಾಗ ದನಿ ತಿಳಿಯಾಯಿತು. ಚಿಕ್ಕಂದಿನಲ್ಲಿ ಸಾಗರದ ಮನೆಯಲ್ಲಿ ಅಪ್ಪಯ್ಯ ಭದ್ರಾವತಿ ಕೇಂದ್ರಕ್ಕಾಗಿ ರೇಡಿಯೊವನ್ನು ದೇವರ ಪಟದಂತೆ ಎತ್ತಿ ಹಿಡಿದು ಸುತ್ತ ತಿರುಗುತ್ತಿದ್ದುದಕ್ಕೆ ಕಾರಣ ಆಗ ಹೊಳೆಯಿತು. ಆತ ಭೌತಶಾಸ್ತ್ರ ಓದಿದವನಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಹೆಸರಿನ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರೂ ಭೌತಶಾಸ್ತ್ರದವರಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಕೇಳುವವರ ಮನಸ್ಸು ಬಲ್ಲವರು ಕಟ್ಟಿದ ಮಾಧ್ಯಮ ಎಂಬುದು ಈಗ ಯಾಕೋ ಸಮಾಧಾನ ಕೊಡುತ್ತದೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಎಂಜಿನಿಯರ್ ಬುದ್ಧಿ ಬಿಡಬೇಕಲ್ಲ. ಸ್ಪ್ರೆಡ್‌ಶೀಟ್ ತೆರೆದೆ. ಬೆಳಗಿನ ಐದಕ್ಕೆ ಏಳುವುದು, ಹತ್ತು ಪುಟ ಓದು, ಮೂರು ಕಿಲೋಮೀಟರ್ ನಡಿಗೆ, ದಿನಚರಿ ಬರೆಯುವುದು, ಸಕ್ಕರೆ ಬಿಡುವುದು. ಮಾಡಿದರೆ ಹಸಿರು, ತಪ್ಪಿದರೆ ಕೆಂಪು. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಅದನ್ನು ನಂಬಿ ಇಪ್ಪತ್ತೊಂದು ಸಾಲು. ಆ ಲೆಕ್ಕ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ರಿಂದ. ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ ಇಪ್ಪತ್ತೊಂದು ದಿನ ಬೇಕು ಎಂದು ಅವರು 1960ರಲ್ಲಿ ಬರೆದಿದ್ದರು. ಮೂಗಿನ ಲೆಕ್ಕವನ್ನು ನಾವು ನಡಿಗೆಗೆ ಹಚ್ಚಿದ್ದೇವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿಯೇ ನಡೆಯುವಂತಾಗಲು 18ರಿಂದ 254 ದಿನಗಳವರೆಗೆ ವ್ಯತ್ಯಾಸ ಕಂಡಿತ್ತು. ಒಂದು ದಿನ ತಪ್ಪಿದರೆ ಹೆಚ್ಚೇನೂ ನಷ್ಟವಿಲ್ಲ ಎಂಬುದೂ ಅದರಲ್ಲೇ ಇತ್ತು.

ನನಗೆ ಅದು ತಿಳಿದದ್ದು ತಡವಾಗಿ. ಹದಿನಾಲ್ಕನೆಯ ದಿನ ರಾತ್ರಿ ಹನ್ನೊಂದೂಮುಕ್ಕಾಲಕ್ಕೆ, ಕೆಂಪು ಚೌಕವೊಂದು ಬೀಳದಿರಲಿ ಎಂದು ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದೆ. ಕಾವಲುಗಾರರು ಬಂದು, "ಏನು ಕಳೆದುಹೋಯಿತು ಸಾರ್?" ಎಂದು ಕೇಳಿ ಟಾರ್ಚ್ ಹಚ್ಚಿಕೊಂಡು ನನ್ನ ಜೊತೆ ಹುಡುಕಲು ನಿಂತರು. ಅವರಿಗೆ ಸ್ಪ್ರೆಡ್‌ಶೀಟಿನ ವಿಷಯ ವಿವರಿಸಲು ನಾಚಿಕೆಯಾಗಿ, ಕೀಲಿಕೈ ಎಂದು ಸುಳ್ಳು ಹೇಳಿ, ಐದು ನಿಮಿಷ ಹುಡುಕಿ, ಜೇಬಿನಿಂದಲೇ ತೆಗೆದು ತೋರಿಸಿದೆ. ಮರುದಿನ ಆ ಕಡತ ಅಳಿಸಿದೆ. ನಡಿಗೆ ಮಾತ್ರ ಉಳಿದಿದೆ, ಅದೂ ಮಗಳನ್ನು ಸಂಗೀತ ತರಗತಿಗೆ ಬಿಡುವ ನೆಪಕ್ಕೆ.

ಗೊತ್ತುಮಾಡಿಕೊಳ್ಳದೆ ಬಂದು ಕುಳಿತ ಅಭ್ಯಾಸ ಇನ್ನೊಂದಿದೆ. ನಾನು ತರಿಸುವ ಪತ್ರಿಕೆಯನ್ನೇ ಸಾಗರದಲ್ಲಿ ಅಪ್ಪಯ್ಯನೂ ತರಿಸುತ್ತಾನೆ. ಒಂದು ದಿನ ಮಾತಿಗೆ ಬೇರೇನೂ ಸಿಗದೆ ಪದಬಂಧದ ಸುಳಿವೊಂದನ್ನು ಕೇಳಿದೆ. ಅಂದಿನಿಂದ ರಾತ್ರಿ ಎಂಟಕ್ಕೆ ಕರೆ ಮಾಡಿ ಇಬ್ಬರೂ ಖಾಲಿ ಉಳಿದ ಮನೆಗಳನ್ನು ತುಂಬುತ್ತೇವೆ. ಮೊದಲೆಲ್ಲ "ಊಟವಾಯಿತೇ, ಮಳೆ ಬಂತೇ" ಎಂಬಲ್ಲಿಗೆ ಮುಗಿಯುತ್ತಿದ್ದ ಕರೆ ಈಗ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೊನ್ನೆ ಮೇಲಿನಿಂದ ಕೆಳಕ್ಕೆ ಒಂಬತ್ತು: "ಮರವೇರುವ ಗೌಡನ ಮೊದಲ ಭಾಗ", ಎರಡಕ್ಷರ, ಎರಡನೆಯದು "ನೆ". ಮನೆ, ತೆನೆ, ಮೊನೆ, ಆನೆ ಎಲ್ಲವನ್ನೂ ಕೂರಿಸಿ ನೋಡಿದೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಯೋಚಿಸಿದರೂ ಹೊಳೆಯಲಿಲ್ಲ.

ಫೋನಿನಲ್ಲಿ ಅಪ್ಪಯ್ಯ ನಕ್ಕಿದ್ದೇ ನಕ್ಕಿದ್ದು. "ಮಾಣಿ, ತೋಟದಲ್ಲಿ ಹಗ್ಗ ಹಿಡಿದು ನಿಲ್ಲುತ್ತಿದ್ದವನು ನೀನೇ ಅಲ್ಲವೇ? ಅಡಿಕೆ ಇಳಿಸಲು ಮರ ಹತ್ತುತ್ತಿದ್ದವನು ಯಾರು?"

ಕೊನೆಗೌಡ.

"ಬರೆದುಕೋ" ಎಂದ. "ಎಡದಿಂದ ಬಲಕ್ಕೆ ಹದಿನಾಲ್ಕು ನನಗೂ ಗೊತ್ತಾಗಿಲ್ಲ. ಅದು ನಾಳೆಗೆ ಇರಲಿ."