ಆ ದಿನ ನೀವು ಎಂತ ಬರೆದಿಟ್ಟಿದ್ದೀರಿ, ಅದ್ರ ಕಾಪಿ ಕೊಡಿ

ನನ್ನದು ಮಂಗಳೂರು ಹಂಪನಕಟ್ಟೆ ಹತ್ರ ಒಂದು ಸಣ್ಣ ಜೆರಾಕ್ಸ್ ಮತ್ತೆ ಟೈಪಿಂಗ್ ಅಂಗಡಿ, 19 ವರ್ಷ ಆಯ್ತು. ರೇಷನ್ ಕಾರ್ಡು, ಆರ್‌ಟಿಸಿ, ವಿಧವಾ ಪಿಂಚಣಿ ಅಂತ ಬರುವವ್ರ ಜೊತೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಬರೆಸ್ಲಿಕ್ಕೆ ಬರುವವ್ರೂ ಇದ್ದಾರೆ. ನಾನು ವಕೀಲ ಅಲ್ಲ. ಆದ್ರೆ ಇಷ್ಟು ವರ್ಷ ಬರ್ದು ಬರ್ದು ಯಾವ ಅರ್ಜಿಗೆ ಉತ್ರ ಬರ್ತದೆ, ಯಾವುದು ಫೈಲಲ್ಲೇ ಸಾಯ್ತದೆ ಅಂತ ಸ್ವಲ್ಪ ಗೊತ್ತಾಗಿದೆ, ಅದನ್ನು ಬರ್ದಿಡುವ ಅಂತ ಕೂತಿದ್ದೇನೆ.

ಮೊದಲೆಲ್ಲ ನಾನು ಮೂರು ಮೂರು ಪೇಜು ಬರೀತಿದ್ದೆ. ಅಮಾನವೀಯ, ದೌರ್ಜನ್ಯ, ಕಠಿಣ ಕ್ರಮ ಕೈಗೊಳ್ಳಬೇಕು, ಎಲ್ಲ ಇರ್ತಿತ್ತು. ಎರಡು ತಿಂಗಳಾದ್ಮೇಲೆ ಒಂದೇ ಸಾಲಿನ ಹಿಂಬರಹ ಬರ್ತಿತ್ತು, ವಿಚಾರಣೆ ಮಾಡಲಾಗಿ ಆರೋಪ ಸಾಬೀತಾಗಿರುವುದಿಲ್ಲ ಅಂತ. ಕೋರ್ಟಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದ ಒಬ್ರು ಹಿರಿಯರು ದಿನಾ ಪೇಪರ್ ಓದ್ಲಿಕ್ಕೆ ಅಂಗಡಿಗೆ ಬರ್ತಿದ್ರು, ಅವ್ರು ಒಂದ್ಸಲ ನನ್ನ ಅರ್ಜಿ ತಗೊಂಡು ಕೆಂಪು ಪೆನ್ನಲ್ಲಿ ಅರ್ಧಕ್ಕರ್ಧ ಹೊಡೆದು ಹಾಕಿದ್ರು. "ಬೈಗುಳ ತೆಗಿ, ಟೈಮು ಹಾಕು. ಯಾಕೆ ಹೀಗೆ ಮಾಡಿದ್ರಿ ಅಂತ ಕೇಳ್ಬೇಡ, ಆ ದಿನ ಎಂತ ಬರೆದಿಟ್ಟಿದ್ದೀರಿ ಅದ್ರ ಕಾಪಿ ಕೊಡಿ ಅಂತ ಕೇಳು" ಅಂದ್ರು. ಆಮೇಲೆ ನಾನು ಬರೆಯುವ ರೀತಿಯೇ ಬದಲಾಯ್ತು.

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಜೋರು ಮಳೆ, ಬೆಳಿಗ್ಗೆ ಶಟರ್ ಎತ್ತುವಾಗ್ಲೇ ಒಬ್ರು ಹೆಂಗಸು ಬಂದು ನಿಂತಿದ್ರು. ಎರಡು ಮನೆಯಲ್ಲಿ ಕೆಲ್ಸ, ಉಳಿದ ಹೊತ್ತು ಬೀಡಿ ಕಟ್ಟುವುದು. ಕೆಲ್ಸದ ಮನೆಯಲ್ಲಿ ಚಿನ್ನದ ಚೈನು ಕಾಣೆಯಾಗಿದೆ ಅಂತ ಹಿಂದಿನ ದಿನ ಸ್ಟೇಷನ್ನಿಂದ ಫೋನು, ಸ್ವಲ್ಪ ಬಂದು ಹೋಗಿ ಅಂತ. ಹೋದದ್ದು ಬೆಳಿಗ್ಗೆ ಹತ್ತೂವರೆಗೆ, ಬಿಟ್ಟದ್ದು ರಾತ್ರಿ ಎಂಟು ಗಂಟೆ ದಾಟಿದ ಮೇಲೆ. ಮಧ್ಯದಲ್ಲಿ ಒಂದು ಚಾ ಕೊಟ್ಟಿದ್ದಾರೆ, ಓಣಿಯಲ್ಲಿ ಕರ್ಕೊಂಡು ಹೋಗಿ ಎರಡು ಪೆಟ್ಟೂ ಕೊಟ್ಟಿದ್ದಾರೆ. ಎಡ ಕಿವಿ ಸರಿಯಾಗಿ ಕೇಳ್ತಾ ಇರ್ಲಿಲ್ಲ ಅವ್ರಿಗೆ, ನಾನು ಏನಾದ್ರೂ ಕೇಳಿದ್ರೆ ತಲೆ ತಿರುಗಿಸಿ ಬಲ ಕಿವಿ ಕೊಡ್ತಿದ್ರು. ಕೈಯಲ್ಲಿ ಒಂದು ಚೂರು ಕಾಗದ ಇಲ್ಲ, ನೋಟೀಸಿಲ್ಲ, ಕಂಪ್ಲೇಂಟ್ ನಂಬ್ರ ಇಲ್ಲ. ಯಾವ ಸ್ಟೇಷನ್ನು ಅಂತ ನಾನು ಬರೆಯುವುದಿಲ್ಲ.

ಹೊಡೆದ ಪೊಲೀಸರ ಮೇಲೆ ಕೇಸ್ ಹಾಕ್ಬೇಕಾ ಅಕ್ಕ ಅಂತ ಕೇಳಿದೆ. ತುಳುವಲ್ಲಿ ಹೇಳಿದ್ದು ಇಷ್ಟೇ, ನಾನು ಕಳ್ಳಿ ಅಲ್ಲ ಅಂತ ಒಂದು ಕಾಗದ ಬೇಕು ಅಣ್ಣ, ಇಲ್ಲದಿದ್ರೆ ಇನ್ನೊಂದು ಮನೆಯವ್ರೂ ಬೇಡ ಅಂತಾರೆ.

ಮೊದಲು ಅವ್ರನ್ನು ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ, ಒಪಿ ಚೀಟಿ ಮಾಡಿಸಿ, ಡಾಕ್ಟ್ರು ಹೇಗಾಯ್ತು ಅಂತ ಕೇಳಿದ್ರೆ ಬಿದ್ದದ್ದು ಅಂತ ಹೇಳ್ಬೇಡಿ, ಇದ್ದದ್ದನ್ನೇ ಹೇಳಿ ಅಂತ. ಹೆದರಿಕೆಯಲ್ಲಿ ನಮ್ಮ ಜನ ಬಿದ್ದದ್ದು ಅಂತಾರೆ, ಅದು ಚೀಟಿಯಲ್ಲಿ ಒಮ್ಮೆ ಬಂದ್ರೆ ಮತ್ತೆ ಯಾರೂ ಏನೂ ಮಾಡ್ಲಿಕ್ಕಾಗುದಿಲ್ಲ. ಹಾಗೆಯೇ ಕಾನೂನು ಸೇವಾ ಪ್ರಾಧಿಕಾರದ 15100 ನಂಬ್ರ ಬರ್ದು ಕೊಟ್ಟೆ, ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ಅಲ್ಲಿ ವಕೀಲರು ಫ್ರೀ, 1987ರ ಕಾಯ್ದೆಯಲ್ಲೇ ಉಂಟು.

ಈಗ ಅರ್ಜಿಯ ವಿಷಯ. 2024ರ ಜುಲೈ 1ರಿಂದ ಪೊಲೀಸ್ ತನಿಖೆ, ಅರೆಸ್ಟ್ ಹೇಗೆ ನಡೀಬೇಕು ಅಂತ ಹೇಳುವ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂತಲ್ಲ, ಅದ್ರಲ್ಲಿ 179ನೇ ಕಲಂ ಪ್ರಕಾರ ಹೆಂಗಸರನ್ನು ಸಾಕ್ಷಿ ಕೇಳ್ಲಿಕ್ಕೆ ಸ್ಟೇಷನ್ನಿಗೆ ಬರ್ಲೇಬೇಕು ಅಂತ ಹೇಳುವ ಹಾಗಿಲ್ಲ, ಪೊಲೀಸರೇ ಮನೆಗೆ ಹೋಗಿ ಕೇಳ್ಬೇಕು. ಸಾಕ್ಷಿ ಅಲ್ಲ, ಸಂಶಯ ಉಂಟು ಅಂತಾದ್ರೆ, ಅರೆಸ್ಟ್ ಮಾಡದೆ ಕರೆಸ್ಲಿಕ್ಕೆ 35(3)ರಲ್ಲಿ ನೋಟೀಸ್ ಕೊಡ್ಬೇಕು. ಅರೆಸ್ಟೇ ಅಂತಾದ್ರೆ ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಅರೆಸ್ಟ್ ಮಾಡ್ಲಿಕ್ಕೆ ವಿಶೇಷ ಕಾರಣ ಬೇಕು, ಮ್ಯಾಜಿಸ್ಟ್ರೇಟ್ ಒಪ್ಪಿಗೆ ಬೇಕು, ಮಹಿಳಾ ಅಧಿಕಾರಿ ಬೇಕು. ಅಂದ್ರೆ ಈ ಅಕ್ಕನನ್ನು ಯಾವ ಲೆಕ್ಕದಲ್ಲಿ ಕರೆದಿದ್ರೂ ಎಲ್ಲಿಯಾದ್ರೂ ಒಂದು ಬರಹ ಇರ್ಲೇಬೇಕು. 179ರಲ್ಲೇ, ಅವರಾಗಿ ಒಪ್ಪಿ ಬಂದ್ರೆ ಸ್ಟೇಷನ್ನಿಗೆ ಬರ್ಬಹುದು ಅಂತ ಒಂದು ಸಾಲು ಉಂಟು, ಅವ್ರೇ ಬಂದದ್ದು ಅಂತ ಆಮೇಲೆ ಹೇಳ್ಬಾರ್ದು ಅಂತ ಫೋನು ಬಂದ ನಂಬ್ರ, ಬಂದ ಟೈಮು, ಎಷ್ಟು ನಿಮಿಷ ಮಾತಾಡಿದ್ರು ಅಂತ ಅವ್ರ ಮೊಬೈಲ್ ನೋಡಿ ಹಾಕಿದೆ. ಸ್ಕ್ರೀನ್‌ಶಾಟ್ ತೆಗ್ದು ಪ್ರಿಂಟೂ ಇಟ್ಟೆ.

ಚೈನು ಹೋದ ಮನೆಯವ್ರಿಗೂ ಇಲ್ಲಿ ನ್ಯಾಯ ಸಿಗ್ಲಿಲ್ಲ, ಅದನ್ನು ಹೇಳ್ಲೇಬೇಕು. ಚಿನ್ನದ ಚೈನಿನ ಕಳ್ಳತನ ಕಾಗ್ನಿಸಬಲ್ ಅಪರಾಧ, ಅಂದ್ರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದದ್ದು, ಅಂಥದ್ದಕ್ಕೆ ಎಫ್‌ಐಆರ್ ಹಾಕ್ಲೇಬೇಕು ಅಂತ ಲಲಿತಾ ಕುಮಾರಿ ಕೇಸಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಇವ್ರದ್ದು ಬರೀ ಬಾಯ್ಮಾತಿನ ಕಂಪ್ಲೇಂಟು. ಎಫ್‌ಐಆರ್ ಆಗಿದ್ರೆ ಬೆರಳಚ್ಚು, ಮಹಜರು, ಬೇರೆಯವ್ರ ವಿಚಾರಣೆ ಎಲ್ಲ ಆಗ್ತಿತ್ತು. ಕೆಲ್ಸದವಳನ್ನು ಕೂರಿಸಿ ಹೆದರಿಸಿದ್ರೆ ಚೈನು ಬರ್ತದಾ?

ಮೊದಲ ಅರ್ಜಿ ಅದೇ ದಿನ ಹೋಗ್ಬೇಕಿತ್ತು, ಅದು ಸಿಸಿಟಿವಿಯದ್ದು. 2020ರ ಡಿಸೆಂಬರ್ 2ಕ್ಕೆ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಪ್ರತಿ ಸ್ಟೇಷನ್ನಲ್ಲಿ ಗೇಟು, ಲಾಕಪ್ಪು, ಓಣಿ, ಜಗಲಿ, ಇನ್ಸ್‌ಪೆಕ್ಟರ್ ರೂಮು ಯಾವುದೂ ಬಿಡದೆ ಕ್ಯಾಮೆರಾ ಇರ್ಬೇಕು, ರೆಕಾರ್ಡಿಂಗು 18 ತಿಂಗಳು ಇಡ್ಬೇಕು, ಅಂಥ ಮೆಷಿನ್ ಸಿಗದಿದ್ರೆ ಕಡಿಮೆಯಲ್ಲಿ ಒಂದು ವರ್ಷವಾದ್ರೂ ಇಡ್ಬೇಕು, ಅದು ಕೆಲ್ಸ ಮಾಡುವ ಹಾಗೆ ನೋಡಿಕೊಳ್ಳುವ ಹೊಣೆ ಠಾಣಾಧಿಕಾರಿಯದ್ದು. ಇಲ್ಲಿ ತುಂಬ ಜನ ತಪ್ಪು ಮಾಡುವುದು ಎಂತ ಅಂದ್ರೆ ಮೊದಲೇ ಕಾಪಿ ಕೊಡಿ ಅಂತಾರೆ. ಕೊಡುವುದಾ ಬೇಡವಾ ಅಂತ ಅವ್ರು ಯೋಚನೆ ಮಾಡುವಷ್ಟರಲ್ಲಿ ರೆಕಾರ್ಡಿಂಗ್ ಅಳಿದು ಹೋಗಿರ್ತದೆ. ಮೊದಲು ಉಳಿಸಿಡಿ ಅಂತ ಬರೀಬೇಕು. ತಾರೀಕು, ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ, ಗೇಟು ಮತ್ತು ಓಣಿ, ಅಳಿಸದೆ ತೆಗೆದಿಡಿ, ಅಷ್ಟೇ. ಒಂದು ಠಾಣೆಗೆ, ಒಂದು ಎಸ್ಪಿಗೆ, ಪಾಂಡೇಶ್ವರದ ಹೆಡ್ ಪೋಸ್ಟಾಫೀಸಿಂದ ಸ್ಪೀಡ್ ಪೋಸ್ಟು. ಮಂಗಳೂರು ಸಿಟಿ ಲಿಮಿಟ್ಟಾದ್ರೆ 2010ರಿಂದ ಕಮಿಷನರ್ರು, ಹೊರಗಿನ ತಾಲೂಕಾದ್ರೆ ಎಸ್ಪಿ, ಇದು ತಪ್ಪಿದ್ರೆ ಅರ್ಜಿ ಅಲ್ಲಿಂದಿಲ್ಲಿಗೆ ತಿರುಗಿಯೇ ತಿಂಗಳು ಹೋಗ್ತದೆ.

ಪೋಸ್ಟಿನ ಜೊತೆ ಕೈಯಲ್ಲೂ ಕೊಡುವ ಅಂತ ಅಕ್ಕನ ಜೊತೆ ನಾನೂ ಹೋದೆ. ರೈಟರ್ ಟೇಬಲ್ಲಿನ ಹೆಡ್ ಕಾನ್ಸ್‌ಟೇಬಲ್ ಎರಡು ಸಲ ಓದಿದ್ರು, ಒಳಗೆ ನೋಡಿದ್ರು, ಮತ್ತೆ ಏನೂ ಮಾತಾಡದೆ ಸೀಲು ಹೊಡೆದು ಟೈಮು ಬರ್ದು ಸೈನ್ ಹಾಕಿ ಕಾಪಿ ವಾಪಸ್ ಕೊಟ್ರು. ಆ ಸೀಲಿಗೆ ಅವ್ರಿಗೆ ಮೇಲಿನವ್ರಿಂದ ಮಾತು ಕೇಳ್ಬೇಕಾಗಿ ಬಂದಿರ್ಬಹುದು, ಆದ್ರೂ ಹೊಡೆದ್ರು. ಪೊಲೀಸರೆಲ್ಲ ಹಾಗೆಯೇ ಅಂತ ಹೇಳುವವ್ರಿಗೆ ನಾನು ಇದನ್ನು ಹೇಳ್ತೇನೆ. ಸುಳ್ಳು ಆರೋಪ ಬಂದಾಗ ಅಂಥವ್ರನ್ನು ಕಾಪಾಡುವುದೂ ಅದೇ ಕ್ಯಾಮೆರಾ.

ಎರಡನೆಯದ್ದು ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರು. ಆ ಒಂದು ದಿನದ ವಿಷಯದಲ್ಲೇ ಕೇಳಿದ್ದು ನಾಲ್ಕು ದಾಖಲೆ, ಠಾಣೆಯ ದಿನದ ಆಗುಹೋಗು ಬರೆದಿಡುವ ಸ್ಟೇಷನ್ ಹೌಸ್ ಡೈರಿಯ ಕಾಪಿ, ಈ ಹೆಂಗಸಿನ ಮೇಲೆ ಬಂದ ದೂರಿನ ಕಾಪಿ, ಕೊಟ್ಟ ನೋಟೀಸಿನ ಕಾಪಿ, ಓಣಿಯ ಕ್ಯಾಮೆರಾದ ರೆಕಾರ್ಡಿಂಗು.

29ನೇ ದಿನಕ್ಕೆ ಉತ್ರ ಬಂತು, ತನಿಖೆಗೆ ಅಡ್ಡಿಯಾಗ್ತದೆ, ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್) ಪ್ರಕಾರ ಕೊಡ್ಲಿಕ್ಕಾಗುದಿಲ್ಲ. ಅಕ್ಕ ಮುಖ ಸಣ್ಣ ಮಾಡಿದ್ರು. ನಾನು ಹೇಳಿದೆ, ಇದೇ ನಮಗೆ ಬೇಕಾದ ಕಾಗದ. ತನಿಖೆ ಅಂದ್ರೆ ಅದಕ್ಕೆ ಕ್ರೈಂ ನಂಬ್ರ ಇರ್ಬೇಕು, ನಂಬ್ರ ಇದ್ರೆ ಎಫ್‌ಐಆರ್ ಇರ್ಬೇಕು. ಎಫ್‌ಐಆರೇ ಇಲ್ಲದ ಮೇಲೆ ಅಡ್ಡಿ ಆಗ್ಲಿಕ್ಕೆ ತನಿಖೆ ಎಲ್ಲಿಂದ ಬಂತು? ಮೇಲ್ಮನವಿಯಲ್ಲಿ ಬರ್ದದ್ದು ಇದೊಂದೇ ಪ್ರಶ್ನೆ, ಆರು ಸಾಲು.

ಮೇಲಧಿಕಾರಿ ವಿಚಾರಣೆಗೆ ಅಕ್ಕನನ್ನೂ ಠಾಣೆಯವ್ರನ್ನೂ ಕರೆಸಿದ್ರು. ಡೈರಿಯ ಪುಟ ಟೇಬಲ್ಲಿಗೆ ಬಂತು, ಅದ್ರಲ್ಲಿ ಆ ದಿನ ಅಕ್ಕನ ಹೆಸರೇ ಇಲ್ಲ. ಗೇಟಿನ ಕ್ಯಾಮೆರಾದಲ್ಲಿ ಮಾತ್ರ ಬೆಳಿಗ್ಗೆ 10.34ಕ್ಕೆ ಕೊಡೆ ಮಡಚಿ ಒಳಗೆ ಹೋಗುವುದು, ರಾತ್ರಿ 8.12ಕ್ಕೆ ಕೊಡೆ ಬಿಡಿಸದೆಯೇ ಮಳೆಯಲ್ಲಿ ಹೊರಗೆ ಬರುವುದು, ಎರಡೂ ಸ್ಪಷ್ಟ ಉಂಟು. ಅಧಿಕಾರಿ ಆ ಎರಡನೇದ್ದನ್ನು ಇನ್ನೊಮ್ಮೆ ಹಾಕಿಸಿ ನೋಡಿದ್ರು. ಆಮೇಲೆ ಠಾಣೆಯವ್ರನ್ನು ಕೇಳಿದ್ರು, ಹತ್ತು ಗಂಟೆ ಹತ್ತಿರ ಇವ್ರು ನಿಮ್ಮಲ್ಲಿ ಎಂತ ಆಗಿ ಕೂತಿದ್ರು, ಸಾಕ್ಷಿಯಾ, ಆರೋಪಿಯಾ? ಉತ್ರ ಬರ್ಲಿಲ್ಲ.

ಆ ವಾರವೇ ಹಿಂಬರಹ ಬಂತು, "ಸದ್ರಿ ಮಹಿಳೆಯ ಮೇಲೆ ಈ ಠಾಣೆಯಲ್ಲಿ ಯಾವುದೇ ದೂರು ಅಥವಾ ಪ್ರಕರಣ ದಾಖಲಾಗಿರುವುದಿಲ್ಲ". ಸೀಲು, ಸೈನು, ತಾರೀಕು. ಅಕ್ಕ ಅದ್ರ ಐದು ಜೆರಾಕ್ಸ್ ತೆಗೆಸಿ, ಒಂದನ್ನು ಲ್ಯಾಮಿನೇಷನ್ ಮಾಡಿಸಿಕೊಂಡ್ರು, ನಾನು ದುಡ್ಡು ಬೇಡ ಅಂದ್ರೂ ಎಣಿಸಿ ಇಟ್ಟು ಹೋದ್ರು. ಒಂದು ಮನೆ ಕೆಲ್ಸ ಹೋಯ್ತು, ಇನ್ನೊಂದು ಉಳಿದಿದೆ. ಕಿವಿಗೆ ಇನ್ನೂ ಮದ್ದು ನಡೀತಾ ಉಂಟು.

ಓಣಿಯ ಕ್ಯಾಮೆರಾ ಆ ದಿನ ಹಾಳಾಗಿತ್ತು ಅಂತ ಬರ್ದು ಕೊಟ್ಟಿದ್ದಾರೆ. ಯಾವತ್ತು ಹಾಳಾದದ್ದು, ರಿಪೇರಿಗೆ ಯಾವತ್ತು ಬರ್ದದ್ದು, ಯಾರಿಗೆ ಬರ್ದದ್ದು ಅಂತ ಅದ್ರ ರಿಜಿಸ್ಟರ್ ಕಾಪಿ ಕೇಳಿದ್ದೇವೆ, ಕೊಡ್ಲಿಲ್ಲ. 90 ದಿನ ಮುಗಿಯುವ ಮೊದಲೇ ಎರಡನೇ ಮೇಲ್ಮನವಿ ಮಾಹಿತಿ ಆಯೋಗಕ್ಕೆ ಹಾಕಿದ್ದೇವೆ, ವಿಚಾರಣೆಯ ತಾರೀಕು ಇನ್ನೂ ಬಂದಿಲ್ಲ. ಅಕ್ಕ ಶನಿವಾರ ಬೀಡಿ ಬ್ರಾಂಚಿಗೆ ಹೋಗಿ ಬರುವಾಗ ಅಂಗಡಿ ಮುಂದೆ ನಿಂತು, ಕಾಗದ ಬಂತಾ ಅಣ್ಣ ಅಂತ ಕೇಳಿ ಹೋಗ್ತಾರೆ.